ಜೇನುಪೆಟ್ಟಿಗೆಯ ಮುಚ್ಚಳ

ಆಕಳನ್ನು ಸಾಕಿದವನು ಬೆಳಗಾಗೆದ್ದು ಕೊಟ್ಟಿಗೆಗೆ ಹೋದರೆ ಅದರ ಯೋಗಕ್ಷೇಮ ಒಂದೇ ನೋಟಕ್ಕೆ ತಿಳಿದುಬಿಡುತ್ತದೆ. ನಾಯಿಯನ್ನು ಸಾಕಿದವನಿಗಂತೂ ಆ ನೋಟವೂ ಬೇಡ. ಅದು ತಾನಾಗಿಯೇ ಬಾಲ ಆಡಿಸುತ್ತ ಬಂದು ವರದಿಯನ್ನೊಪ್ಪಿಸುತ್ತದೆ. ಜೇನು ಸಾಕಿದವನ ಸ್ಥಿತಿ ಮಾತ್ರ ವಿಚಿತ್ರವಾದುದು. ಅವನ ಮುಂದಿರುವುದು ನಾಲ್ಕು ಕಾಲಿನ ಪೀಠದ ಮೇಲೆ ಕುಳಿತ ಒಂದು ಮರದ ಪೆಟ್ಟಿಗೆ. ಅದಕ್ಕೆ ಬಾಗಿಲೆಂದರೆ ತಳದಲ್ಲಿ ಒಂದು ಸಣ್ಣ ಸೀಳು. ಆ ಸೀಳಿನೊಳಗೆ ನೊಣಗಳು ಹೋಗುತ್ತವೆ, ಬರುತ್ತವೆ. ಕೆಲವು ಹಿಂಗಾಲುಗಳಿಗೆ ಹಳದಿಯ ಪರಾಗದ ಉಂಡೆಗಳನ್ನು ಅಂಟಿಸಿಕೊಂಡು ಅವಸರದಿಂದ ಒಳನುಗ್ಗುತ್ತವೆ. ಬಿಸಿಲೇರಿದಾಗ ನಾಲ್ಕಾರು ನೊಣಗಳು ತಲೆಯನ್ನು ಹೊರಗೆ ಮಾಡಿ ಹೊಸ್ತಿಲಲ್ಲಿ ನಿಂತು, ರೆಕ್ಕೆ ಬೀಸಿ ಮನೆಗೆ ಗಾಳಿ ಹಾಕುತ್ತವೆ. ಇದಿಷ್ಟೇ ಹೊರಗಿನವನಿಗೆ ಕಾಣುವ ಪ್ರಪಂಚ. ಒಳಗೆ ಏನು ನಡೆಯುತ್ತಿದೆ? ರಾಣಿ ಇದ್ದಾಳೆಯೆ? ಮರಿಗಳಿವೆಯೆ? ಅಥವಾ ಎಲ್ಲವೂ ಗಂಟುಮೂಟೆ ಕಟ್ಟುವ ಆಲೋಚನೆಯಲ್ಲಿವೆಯೆ? ಹೊಸಬನಾದವನು ಮೊದಲ ವಾರ ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕುಳಿತು ಈ ಪ್ರಶ್ನೆಗಳನ್ನೇ ಜಪಿಸುತ್ತಾನೆ. ನೆರೆಹೊರೆಯವರು ಕೇಳುವುದು ಬೇರೊಂದು ಪ್ರಶ್ನೆ: "ತುಪ್ಪ ಎಷ್ಟು ಬಂತು?" ಮಲೆನಾಡಿನಲ್ಲಿ ಜೇನಿನ ರಸಕ್ಕೆ ಜೇನುತುಪ್ಪವೆಂದೇ ಹೆಸರು, ಪೆಟ್ಟಿಗೆ ಬಂದು ನಾಲ್ಕು ದಿನವಾಗಿರಲಿ, ನಾಲ್ಕು ವರ್ಷವಾಗಿರಲಿ, ಕೇಳುವವರಿಗೆ ಅದರ ವಿನಾ ಬೇರೊಂದು ತೋರುವುದಿಲ್ಲ.

ಮುಚ್ಚಳವನ್ನು ಎತ್ತಿ ಒಳಗೆ ನೋಡಬಹುದೆಂಬ ಸೌಲಭ್ಯವಾದರೂ ಮನುಷ್ಯನಿಗೆ ಸುಲಭವಾಗಿ ದೊರೆತುದಲ್ಲ. ಸಾವಿರಾರು ವರ್ಷ ಅವನು ಜೇನನ್ನು ಕಂಡದ್ದು ಗೂಡನ್ನು ಒಡೆದೇ. ಮರದ ಪೊಟರೆಯನ್ನು ಕಡಿದು, ಹುತ್ತವನ್ನು ಅಗೆದು, ಎರಿಯನ್ನು ಹಿಂಡಿ ತುಪ್ಪ ತೆಗೆದರೆ ಕುಟುಂಬದ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಗೂಡನ್ನು ಕೆಡಿಸದೆ ಒಳಹೊಕ್ಕು ನೋಡುವ ದಾರಿಯನ್ನು ತೋರಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಒಬ್ಬ ಕುರುಡ ಎಂಬುದು ಸೃಷ್ಟಿಯ ವಿನೋದವೆನ್ನಬೇಕು. 1750ರಲ್ಲಿ ಜಿನೀವಾದಲ್ಲಿ ಹುಟ್ಟಿದ ಫ್ರಾನ್ಸ್ವಾ ಹ್ಯೂಬರ್ ತಾರುಣ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವನು. ಪುಸ್ತಕದ ಹಾಳೆಗಳಂತೆ ಒಂದೊಂದಾಗಿ ತೆರೆಯಬಹುದಾದ ಗೂಡನ್ನು ಅವನು ಮಾಡಿಸಿದ. ಅದನ್ನು ತೆರೆದು ನೋಡಿ ಕಂಡದ್ದನ್ನು ಒಡೆಯನಿಗೆ ಹೇಳುತ್ತಿದ್ದವನು ಬರ್ನೆನ್ಸ್ ಎಂಬ ಅವನ ಸೇವಕ. ಕೇಳುವವನ ಪ್ರಶ್ನೆ, ನೋಡುವವನ ಕಣ್ಣು. ಇವೆರಡರಿಂದ ಹುಟ್ಟಿ 1792ರಲ್ಲಿ ಪ್ರಕಟವಾದ ಗ್ರಂಥವನ್ನು ಜೇನುಶಾಸ್ತ್ರದವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಅನಂತರ 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಒಂದು ಸಣ್ಣ ಸತ್ಯವನ್ನು ಕಂಡುಕೊಂಡ. ಎರಿ ಎರಿಗಳ ನಡುವೆ, ಎರಿಗೂ ಗೋಡೆಗೂ ನಡುವೆ ನೊಣಗಳು ಓಡಾಟಕ್ಕೆಂದು ಒಂದು ಗೊತ್ತಾದ ಅಂತರವನ್ನು ಬಿಡುತ್ತವೆ. ಅದಕ್ಕಿಂತ ಹೆಚ್ಚಾದರೆ ಅಲ್ಲಿ ಎರಿ ಕಟ್ಟುತ್ತವೆ; ಕಡಿಮೆಯಾದರೆ ಅಂಟಿನಿಂದ ಮುಚ್ಚಿಬಿಡುತ್ತವೆ. ಅವನ ಅಳತೆ ಅಂಗುಲದ ಎಂಟರಲ್ಲಿ ಮೂರು ಪಾಲು. ನಮ್ಮ ನಾಡಿನ ಜೇನಿಗೆ ಅದಕ್ಕಿಂತ ತುಸು ಕಡಿಮೆ. ಈ ಕೂದಲೆಳೆಯ ಲೆಕ್ಕದ ಮೇಲೆ ಚೌಕಟ್ಟುಗಳನ್ನು ಜೋಡಿಸಿದರೆ ಒಂದೊಂದನ್ನೂ ಬಿಡಿಯಾಗಿ ಎತ್ತಿ ನೋಡಿ ಮತ್ತೆ ಇಡಬಹುದು. ಭಾರತದ ಸಣ್ಣ ಜೇನಿಗೆ ಒಪ್ಪುವಂತೆ ಸಣ್ಣ ಪೆಟ್ಟಿಗೆಯನ್ನು ರೂಪಿಸಿದವರು ತಿರುಚಿರಾಪಳ್ಳಿಯ ಕಡೆ ಇದ್ದ ನ್ಯೂಟನ್ ಎಂಬ ಪಾದ್ರಿಗಳು. 1910ರ ಸುಮಾರಿನ ಮಾತು. ಸೇಬಿನ ಹಣ್ಣಿನ ನ್ಯೂಟನ್ ಬೇರೆ, ಈ ನ್ಯೂಟನ್ ಬೇರೆ. ಆದರೂ ದಕ್ಷಿಣದ ಜೇನುಗಾರರ ಬಾಯಲ್ಲಿ ಉಳಿದ ಹೆಸರು ಇವರದೇ. 'ನ್ಯೂಟನ್ ಪೆಟ್ಟಿಗೆ' ಎಂದರೆ ಕೆಳಗೆ ಏಳು ಚೌಕಟ್ಟುಗಳ ಸಂಸಾರ ಕೋಣೆ, ಮೇಲೆ ತುಪ್ಪಕ್ಕಾಗಿ ಜೇನು ಕೋಣೆ. ಮೊಟ್ಟೆ ಮರಿಗಳಿರುವ ಅಂತಸ್ತಿಗೆ ಸಂಸಾರ ಕೋಣೆಯೆಂದು ಹೆಸರಿಟ್ಟವರು ಯಾರೋ, ಅವರ ಬಾಯಿಗೆ ತುಪ್ಪವೇ ಬೀಳಲಿ.

ಹೀಗೆ ಮುಚ್ಚಳ ತೆರೆಯುವ ಅನುಕೂಲ ಬಂದುದರೊಡನೆ ಒಂದು ಅಪಾಯವೂ ಬಂದಿತು. ಬೇಕಾದಾಗಲೆಲ್ಲ ತೆರೆಯುವ ಚಪಲ. ಯೂರೋಪಿನಿಂದ ಬಂದ ದೊಡ್ಡ ಜೇನು ಇದನ್ನು ಸಹಿಸೀತು. ನಮ್ಮ ತುಡುವೆ ಸಹಿಸುವುದಿಲ್ಲ. ಅದು ಸಾಧುಸ್ವಭಾವದ್ದು, ಸುಮ್ಮನೆ ಮೇಲೆ ಬಿದ್ದು ಕುಟುಕುವುದಲ್ಲ, ಆದರೆ ಮಾನಧನ. ಇರುವೆಯ ಕಾಟ, ಮೇಣ ತಿನ್ನುವ ಹುಳದ ಕಾಟ, ಹೂವಿನ ಬರ, ಯಜಮಾನನ ಅತಿಯಾದ ಉಪಚಾರ, ಇವುಗಳಲ್ಲಿ ಯಾವುದು ಮಿತಿಮೀರಿದರೂ ಒಂದು ದಿನ ಇಡೀ ಕುಟುಂಬ ಕಟ್ಟಿದ ಎರಿಗಳನ್ನು ಹಾಗೆಯೇ ಬಿಟ್ಟು ಎದ್ದುಹೋಗುತ್ತದೆ. ಬೀಗವಿಲ್ಲ, ಹಗ್ಗವಿಲ್ಲ, ಕಾನೂನಂತೂ ಇಲ್ಲವೇ ಇಲ್ಲ. ಜೇನನ್ನು 'ಸಾಕುವುದು' ಎಂಬ ಮಾತೇ ಸ್ವಲ್ಪ ಬಡಾಯಿಯದು. ಅದು ಇದ್ದಷ್ಟು ದಿನ ಇದೆ.

ಶಿರಸಿಯ ಸೀಮೆಯ ಒಂದು ಹಳ್ಳಿಯಲ್ಲಿ 2023ರ ನವೆಂಬರಿನಲ್ಲಿ ಇಂಥ ಒಂದು ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕುಳಿತವನು ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಊರಿಗೆ ಮರಳಿದ ಗೃಹಸ್ಥ. ಮೂವತ್ತೈದು ವರ್ಷ ಪರವೂರುಗಳಲ್ಲಿ ಅನ್ಯರ ಲೆಕ್ಕವನ್ನು ಬರೆದವನಿಗೆ ತೋಟದ ಮನೆಯ ಪುರುಸೊತ್ತು ಮೊದಲ ತಿಂಗಳು ಸುಖವಾಗಿಯೂ ಎರಡನೆಯ ತಿಂಗಳು ಭಾರವಾಗಿಯೂ ಕಂಡಿತು. ಆಗಲೇ ತೋಟದ ಅಂಚಿನ ಹುತ್ತವೊಂದರಲ್ಲಿ ತುಡುವೆ ಸೇರಿಕೊಂಡಿರುವ ಸುದ್ದಿ ಬಂತು. ಊರಿನಲ್ಲಿ ಜೇನಿನ ವಿಚಾರ ಬಲ್ಲವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಸಂಬಂಧ ಏನೇ ಇರಲಿ, ಎಲ್ಲರಿಗೂ ಅವರು 'ಜೇನುಮಾವ'. ಅವರೇ ಮುಂದೆ ನಿಂತು ಹುತ್ತವನ್ನು ಮೆಲ್ಲನೆ ಬಿಡಿಸಿ, ಎರಿಗಳನ್ನು ಒಂದೊಂದಾಗಿ ಕೊಯ್ದು, ಬಾಳೆಯ ನಾರಿನಿಂದ ಚೌಕಟ್ಟುಗಳಿಗೆ ಕಟ್ಟಿ, ರಾಣಿಸಹಿತ ಕುಟುಂಬವನ್ನು ಪೆಟ್ಟಿಗೆಗೆ ಸೇರಿಸಿಕೊಟ್ಟರು. ಪೀಠದ ನಾಲ್ಕು ಕಾಲುಗಳಿಗೂ ಇರುವೆ ಹತ್ತದಂತೆ ನೀರಿನ ಬಟ್ಟಲುಗಳಾದವು. ಹೊರಡುವಾಗ ಮಾವ ಹೇಳಿದುದು ಒಂದೇ ಮಾತು: "ತಮಾ, ಹತ್ತು ದಿವಸ ಮುಚ್ಚಳ ಮುಟ್ಟಬೇಡ. ಹತ್ತನೆಯ ದಿವಸ ನಾನು ಬರುತ್ತೇನೆ."

ಮನೆಯಲ್ಲಿದ್ದವರು ಆತನ ಹೆಂಡತಿ ಮತ್ತು ಎಂಬತ್ತೈದು ವರ್ಷದ ತಾಯಿ. ಹೆಂಡತಿಗೆ ಪೆಟ್ಟಿಗೆ ಒಂದು ತಮಾಷೆ. ಗಂಡನಿಗೆ ಒಂದು ಕೆಲಸ ಸಿಕ್ಕಿತಲ್ಲ ಎಂಬ ಸಮಾಧಾನ ಬೇರೆ. ತಾಯಿ ಮಾತ್ರ ಅದು ಬಂದ ದಿನದಿಂದ ಹಿತ್ತಲಿನ ಆ ಮೂಲೆಗೆ ಹೋಗಲಿಲ್ಲ. ಹೂ ಕೊಯ್ಯುವುದಕ್ಕೂ ಸುತ್ತುಹಾಕಿಕೊಂಡು ಬೇರೊಂದು ದಾರಿಯಲ್ಲಿ ನಡೆದರು. ಸೊಸೆ ಅದನ್ನು ಕುಟುಕಿನ ಹೆದರಿಕೆಯೆಂದು ತಿಳಿದಳು. ಮಗನಿಗೆ ನಿಜ ಗೊತ್ತಿತ್ತು.

ಆ ಮನೆಯಲ್ಲಿ ಹಿಂದೆ ಒಂಬತ್ತು ಪೆಟ್ಟಿಗೆಗಳಿದ್ದವು. ತೀರಿಕೊಂಡ ಯಜಮಾನರು ಅಡಿಕೆಯಷ್ಟೇ ಆಸ್ಥೆಯಿಂದ ಜೇನನ್ನೂ ಸಾಕಿದ್ದವರು. ಆ ಕಾಲದಲ್ಲಿ ಅದು ಅಪರೂಪವೂ ಆಗಿರಲಿಲ್ಲ. ಉತ್ತರ ಕನ್ನಡ, ದಕ್ಷಿಣ ಕನ್ನಡ, ಕೊಡಗು ಮೂರು ಕಡೆಗಳಲ್ಲಿಯೂ ಹಿತ್ತಲ ಜೇನು ಒಂದು ಮರ್ಯಾದೆಯ ಉಪಕಸುಬು; ಪುತ್ತೂರು, ವಿರಾಜಪೇಟೆ, ಭಾಗಮಂಡಲಗಳಲ್ಲಿ ಜೇನುಗಾರರ ಸಹಕಾರ ಸಂಘಗಳೇ ಇದ್ದವು. ಆಗ ಬಂದಿತು ರೋಗ. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಲ್ಪಟ್ಟು, ಆ ದೇಶದ ಹೆಸರನ್ನೇ ಹೊತ್ತ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣುರೋಗ 1991-92ರಲ್ಲಿ ದಕ್ಷಿಣ ಭಾರತದ ತುಡುವೆಗಳ ಮೇಲೆ ಎರಗಿತು. ದೊಡ್ಡ ನೊಣಗಳು ಕಣ್ಣಿಗೆ ಚೆನ್ನಾಗಿಯೇ ಇರುತ್ತಿದ್ದವು. ಸಾಯುತ್ತಿದ್ದವು ಮರಿಗಳು. ಇನ್ನೇನು ಕೋಶಾವಸ್ಥೆಗೆ ಹೋಗಬೇಕೆನ್ನುವ ಹೊತ್ತಿಗೆ ಕಣ್ಣಿಯೊಳಗೆ ತಲೆ ಮೇಲೆ ಮಾಡಿಕೊಂಡು ಸತ್ತಿರುತ್ತಿದ್ದವು. ಚಿಮುಟದಿಂದ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲದಂತೆ ಎದ್ದುಬರುತ್ತಿದ್ದವು. ಮರಿಯಿಲ್ಲದ ಮನೆ ಎಷ್ಟು ದಿನ ನಿಂತೀತು? ದಕ್ಷಿಣದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಕುಟುಂಬಗಳು ನಾಶವಾದುವೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ಆ ಮನೆಯ ಒಂಬತ್ತರಲ್ಲಿ ಒಂಬತ್ತೂ ಹೋದವು. ಮಗ ಆಗ ದೂರದ ಊರಿನಲ್ಲಿ ಗುಮಾಸ್ತ. ಅವನಿಗೆ ಅದು ಒಂದು ಕಾಗದದ ಎರಡು ಸಾಲು. ಬೆಳಿಗ್ಗೆ ಬೆಳಿಗ್ಗೆ ಗಂಡ ಸತ್ತ ಮರಿಗಳನ್ನು ಎಲೆಯ ಮೇಲೆ ಹಾಕಿಕೊಂಡು ಅಂಗಳಕ್ಕೆ ಬರುವುದನ್ನು ತಿಂಗಳುಗಟ್ಟಲೆ ನೋಡಿದವರು ತಾಯಿ. ಬರಿದಾದ ಪೆಟ್ಟಿಗೆಗಳಲ್ಲಿ ಕೆಲವು ಬಚ್ಚಲೊಲೆಗೆ ಹೋದವು. ಒಂದರಲ್ಲಿ ಅವರು ಸೌತೆಯ ಬೀಜಗಳನ್ನು ಇಟ್ಟುಕೊಂಡರು. ಯಜಮಾನರು ಮುಂದೆ ಬದುಕಿರುವವರೆಗೆ ಜೇನಿನ ಮಾತನ್ನೆತ್ತಲಿಲ್ಲ.

ರೋಗವನ್ನು ತಾಳಿಕೊಂಡ ಕೆಲವು ಕುಟುಂಬಗಳು ಕಾಡಿನ ಪೊಟರೆಗಳಲ್ಲಿ, ಹುತ್ತಗಳಲ್ಲಿ ಉಳಿದು, ವರ್ಷಗಳು ಕಳೆದಂತೆ ಮತ್ತೆ ಹೆಚ್ಚಿದವು. ಇಂದು ಪೆಟ್ಟಿಗೆಗಳಲ್ಲಿರುವ ತುಡುವೆಗಳು ಹಾಗೆ ಉಳಿದವುಗಳ ಸಂತಾನ. ರೋಗವೂ ಪೂರ್ತಿ ಹೋಗಿಲ್ಲ. ಆಗಾಗ ಅಲ್ಲಲ್ಲಿ ತಲೆಹಾಕುವುದುಂಟು. ಆದುದರಿಂದಲೇ ಆ ಹತ್ತನೆಯ ದಿನದ ಪರೀಕ್ಷೆ ಮಗನ ಪಾಲಿಗೆ ಬರಿಯ ಕುತೂಹಲವಾಗಿರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಇಬ್ಬನಿ ಆರಿ ಬಿಸಿಲು ಬಲಿತ ಮೇಲೆ, ಜೇನುಮಾವ ಬಂದರು. ಶಿಷ್ಯನ ಸಿದ್ಧತೆಯನ್ನು ನೋಡಿ ಅವರಿಗೆ ನಗು ಬಂತು. ಮುಖಪರದೆ, ರಬ್ಬರಿನ ಕೈಗವಸು, ಮೊಣಕಾಲಿನವರೆಗಿನ ಬೂಟು. ಇಷ್ಟರ ಮೇಲೆ ಕ್ಷೌರಮಾಡಿ ಹಚ್ಚಿಕೊಂಡ ಸುಗಂಧದ ನೀರು! "ಪರದೆ ಇರಲಿ, ಗವಸು ತೆಗೆ. ಆ ವಾಸನೆಯನ್ನು ಮೊದಲು ಸಾಬೂನಿಲ್ಲದೆ ತೊಳೆದುಕೊಂಡು ಬಾ. ಕಪ್ಪು ಅಂಗಿ ಹಾಕಿಕೊಳ್ಳಬೇಡ. ಅವಕ್ಕೆ ಕರಡಿಯ ನೆನಪಾಗುತ್ತದೆ." ಗವಸಿನ ಬೆರಳುಗಳು ಮೊದ್ದು, ಮೊದ್ದು ಬೆರಳು ನೊಣವನ್ನು ಅಮುಕುತ್ತದೆ, ಒಂದು ನೊಣ ನೊಂದು ಕುಟುಕಿದರೆ ಆ ವಿಷದೊಡನೆ ಬಾಳೆಹಣ್ಣಿನಂಥ ಒಂದು ವಾಸನೆ ಹರಡಿ ಮಿಕ್ಕವುಗಳಿಗೆ ಯುದ್ಧದ ಕರೆಯಾಗುತ್ತದೆ. ಬರಿಗೈಯವನು ಹೆದರಿಕೆಯಿಂದಲಾದರೂ ಮೃದುವಾಗಿರುತ್ತಾನೆ.

ತೆಂಗಿನ ಸಿಪ್ಪೆಯ ನಾರು ಹೊತ್ತಿಸಿದ ಹೊಗೆತಿದಿಯಿಂದ ಬಾಗಿಲಿಗೆ ಎರಡು ಸಲ, ಹೆಚ್ಚಲ್ಲ, ತಣ್ಣನೆಯ ಹೊಗೆ ಊದಿ ಒಂದು ನಿಮಿಷ ಕಾದರು. ಹೊಗೆ ಬಂದೊಡನೆ ಕಾಡಿಗೆ ಬೆಂಕಿ ಬಿತ್ತೆಂದು ಬಗೆದು ನೊಣಗಳು ಹೊಟ್ಟೆ ತುಂಬ ತುಪ್ಪ ಹೀರಿಕೊಳ್ಳುತ್ತವೆ ಎನ್ನುತ್ತಾರೆ. ತುಂಬಿದ ಹೊಟ್ಟೆಯವರಿಗೆ ಜಗಳ ಬೇಡವೆಂಬುದು ಮನುಷ್ಯರಲ್ಲಿಯೂ ಕಂಡ ಮಾತು. ಬಾಗಿಲಿಗೆ ಅಡ್ಡ ನಿಲ್ಲದೆ ಪೆಟ್ಟಿಗೆಯ ಹಿಂದೆ ನಿಂತು ಹೊಸಬ ಮುಚ್ಚಳವನ್ನು ಎತ್ತಿದ. ಅಂಚು ಒಂದು ಕಡೆ ತಗುಲಿ 'ಟಕ್' ಎಂದಿತು. ಒಡನೆಯೇ ಒಳಗಿನಿಂದ 'ಸ್ಸ್' ಎಂದು ಹಾವಿನ ಬುಸುಗುಟ್ಟುವಿಕೆಯಂಥ ಒಂದು ಧ್ವನಿ ಅಲೆಯಾಗಿ ಎದ್ದು ಅಡಗಿತು. ಆತನ ಕೈ ನಡುಗಿತು. "ಏನಿಲ್ಲ, ತುಡುವೆಯ ಗದರಿಕೆ. ಎಲ್ಲವೂ ಒಟ್ಟಿಗೆ ಮೈ ಕುಣಿಸುತ್ತವೆ. ಸುಮ್ಮನೆ ನಿಲ್ಲು," ಎಂದರು ಮಾವ.

ಎದುರಾದುದು ವಾಸನೆ. ಮೇಣ, ಪರಾಗ, ತುಪ್ಪ, ಬೆಚ್ಚಗಿನ ಉಸಿರು ಎಲ್ಲ ಬೆರೆತ ಆ ವಾಸನೆ ಆತನನ್ನು ಒಂದು ಕ್ಷಣ ಐವತ್ತು ವರ್ಷ ಹಿಂದಕ್ಕೆ ಕೊಂಡೊಯ್ದಿತು. ತಂದೆಯ ಹೆಗಲವಸ್ತ್ರದ ವಾಸನೆ ಅದು. ಮಾವ ತುದಿಯ ಚೌಕಟ್ಟನ್ನು ತೋರಿಸಿದರು. ಮೊದಲು ಎತ್ತಬೇಕಾದುದು ಅಂಚಿನದೇ. ನಡುವಿನದನ್ನು ಇಕ್ಕಟ್ಟಿನಲ್ಲಿ ಎಳೆದರೆ ಎರಡೂ ಮಗ್ಗುಲಿನ ನೊಣಗಳು ಉಜ್ಜಿಹೋಗುತ್ತವೆ, ಅವುಗಳ ನಡುವೆ ರಾಣಿಯೇ ಇರಬಹುದು. ಎತ್ತಿದ ಎರಿಯನ್ನು ನೆಟ್ಟಗೆ ಹಿಡಿಯಬೇಕು. ಓಲೆ ಓದುವವರಂತೆ ಅಡ್ಡ ಮಲಗಿಸಿದರೆ ಹೊಸ ಮೇಣ ತನ್ನ ಭಾರಕ್ಕೆ ತಾನೇ ಮುರಿದು ಬೀಳುತ್ತದೆ. ಎರಡನೆಯ ಚೌಕಟ್ಟು ಕೈಗೆ ಬಂದಾಗ ಆತ ಆಶ್ಚರ್ಯಪಟ್ಟ. ಹತ್ತು ದಿನದ ಹಿಂದೆ ಜೋತಾಡುತ್ತಿದ್ದ ಹರಕು ಎರಿ ಈಗ ಮರಕ್ಕೆ ಹುಟ್ಟಿನಿಂದಲೇ ಅಂಟಿತ್ತೋ ಎಂಬಂತೆ ಬೆಸೆದುಕೊಂಡಿತ್ತು. ಕಟ್ಟಿದ ಬಾಳೆನಾರು ಎಲ್ಲಿ? ಮಾವ ಪೆಟ್ಟಿಗೆಯ ಮುಂದಿನ ನೆಲವನ್ನು ತೋರಿಸಿದರು. ಕಡಿದು ಕಡಿದು ಎಳೆತಂದು ಹೊರಗೆಸೆದ ನಾರಿನ ಎಳೆಗಳು ಹುಲ್ಲಿನ ಮೇಲೆ ಬಿದ್ದಿದ್ದವು. ಪರರ ಕಟ್ಟು ಅವಕ್ಕೆ ಬೇಕಾದುದು ತಮ್ಮ ಮೇಣ ಒಣಗುವವರೆಗೆ ಮಾತ್ರ.

ಮೂರನೆಯ ಚೌಕಟ್ಟಿನಲ್ಲಿ ಸಂಸಾರ ಆರಂಭವಾಗಿತ್ತು. ನೊಣಗಳ ದಟ್ಟಣೆಯೊಳಗೆ ಹೊಸಬನ ಕಣ್ಣು ಹುಡುಕಿದ್ದು ರಾಣಿಯನ್ನು. ಉದ್ದನೆಯ ಕಪ್ಪು ಮೈಯ ಆಕೆಯನ್ನು ಒಮ್ಮೆ ಕಂಡರೆ ಜನ್ಮ ಸಾರ್ಥಕವೆಂಬಂತೆ ಈ ಬದಿ ಆ ಬದಿ ತಿರುಗಿಸಿ ನೋಡಿದ. ಮಾವ ತಲೆಯಾಡಿಸಿದರು. "ರಾಣಿಯನ್ನು ಹುಡುಕುವವನು ಹೊಸಬ. ನೀನು ಮೊಟ್ಟೆ ಹುಡುಕು. ಬಿಸಿಲನ್ನು ಬೆನ್ನಿಗೆ ಮಾಡಿಕೊ, ಹೆಗಲ ಮೇಲಿಂದ ಬೆಳಕು ಕಣ್ಣಿಯ ತಳಕ್ಕೆ ಬೀಳಲಿ." ಹಾಗೆ ಮಾಡಿದಾಗ ಮೊದಲು ಏನೂ ಕಾಣಲಿಲ್ಲ. ಕನ್ನಡಕವನ್ನು ಪರದೆಯೊಳಗೆ ಸರಿಮಾಡಿಕೊಂಡು ಮತ್ತೆ ನೋಡಿದ. ಕಣ್ಣಿಯ ತಳದ ನಡುವೆ, ಅಕ್ಕಿಯ ನುಚ್ಚಿಗಿಂತಲೂ ಸಣ್ಣದಾಗಿ, ಬೆಳ್ಳನೆಯ ದಾರದ ತುಂಡಿನಂತೆ, ಒಂದು ಮೊಟ್ಟೆ. ಪಕ್ಕದ ಕಣ್ಣಿಯಲ್ಲಿ ಒಂದು. ಅದರ ಪಕ್ಕದಲ್ಲಿ ಇನ್ನೊಂದು. ಒಂದಕ್ಕೆ ಒಂದೇ, ಒಂದೇ ಕಣ್ಣಿಯಲ್ಲಿ ಎರಡು ಮೂರು ಅಸ್ತವ್ಯಸ್ತವಾಗಿ ಬಿದ್ದಿದ್ದರೆ ಅದು ರಾಣಿಯಿಲ್ಲದ ಮನೆಯಲ್ಲಿ ಕೆಲಸದ ನೊಣಗಳೇ ಇಟ್ಟ, ಫಲವಿಲ್ಲದ ಮೊಟ್ಟೆ. ಮೊಟ್ಟೆ ಮೊಟ್ಟೆಯಾಗಿರುವುದು ಮೂರು ದಿನ. ನಾಲ್ಕನೆಯ ದಿನ ಅದು ಮರಿ. ಹಾಗಾದರೆ ಪೆಟ್ಟಿಗೆಗೆ ಬಂದ ಮೇಲೆಯೇ, ಕಳೆದ ಮೂರು ದಿನಗಳೊಳಗೇ, ರಾಣಿ ಈ ಎರಿಯ ಮೇಲೆ ನಡೆದಾಡಿದ್ದಾಳೆ. ಕಾಣದಿದ್ದರೇನು? ಬ್ಯಾಂಕಿನವನಿಗೆ ಈ ತರ್ಕ ತುಂಬ ಹಿಡಿಸಿತು. ಸಹಿಯನ್ನು ಕಂಡರೆ ಸಾಲದೆ, ಸಾಹೇಬರನ್ನೇ ನೋಡಬೇಕೆ?

ನಾಲ್ಕನೆಯ ಚೌಕಟ್ಟಿನ ಕೆಳಗಿನ ಅಂಚಿನಲ್ಲಿ ಆತನ ಉಸಿರು ನಿಂತಿತು. ಉಬ್ಬಿದ ಮುಚ್ಚಳಗಳಿದ್ದ ಏಳೆಂಟು ಕಣ್ಣಿಗಳು. ಪ್ರತಿಯೊಂದು ಮುಚ್ಚಳದ ನಡುವೆಯೂ ಸೂಜಿಯಿಂದ ಚುಚ್ಚಿದಂತೆ ಒಂದು ತೂತು. ತೂತು ಬಿದ್ದ ಮುಚ್ಚಳ, ಅದರ ಕೆಳಗೆ ಸತ್ತ ಮರಿ. ಆ ರೋಗದ ಲಕ್ಷಣಗಳಲ್ಲಿ ಇದೂ ಒಂದೆಂದು ಆತ ಓದಿದ್ದ. "ಮಾವ, ಇದು..." ಎಂದವನ ಬಾಯಿಂದ ಮುಂದಿನ ಮಾತು ಬರಲಿಲ್ಲ. ಹಿತ್ತಲ ಬಾಗಿಲಿನಲ್ಲಿ ತಾಯಿ ಬಂದು ನಿಂತಿದ್ದುದು ಆಗ ಆತನ ಕಣ್ಣಿಗೆ ಬಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ!

ಜೇನುಮಾವ ಅವಸರ ಮಾಡಲಿಲ್ಲ. ಚೌಕಟ್ಟನ್ನು ತಮ್ಮ ಕೈಗೆ ತೆಗೆದುಕೊಂಡು, ಒಂದು ಮುಚ್ಚಳವನ್ನು ಕಡ್ಡಿಯ ತುದಿಯಿಂದ ಬಿಡಿಸಿದರು. ಒಳಗೆ ಬೆಳ್ಳಗೆ, ದುಂಡಗೆ, ಜೀವಂತವಾಗಿ ಒಂದು ಕೋಶ. ಕಣ್ಣುಗಳಿಗೆ ಆಗಲೇ ಬಣ್ಣವೇರುತ್ತಿತ್ತು. "ಗಂಡುನೊಣದ ಕಣ್ಣಿ ಇದು. ತುಡುವೆಯಲ್ಲಿ ಗಂಡಿನ ಮುಚ್ಚಳಕ್ಕೆ ಹುಟ್ಟಾ ತೂತಿರುತ್ತದೆ. ನೊಣಗಳೇ ಹಾಗೆ ಕಟ್ಟುತ್ತವೆ. ರೋಗದ ತೂತು ಹೀಗೆ ಅಚ್ಚುಹಾಕಿದಂತೆ ನಡುವೆಯೇ ಇರುವುದಿಲ್ಲ, ಹರಕುಮುರಕಾಗಿರುತ್ತದೆ. ಇಲ್ಲಿ ನೋಡು, ಕೆಲಸದ ನೊಣದ ಮುಚ್ಚಳಗಳು. ಒಂದಾದರೂ ಹರಿದಿದೆಯೆ?" ಆತ ನೋಡಿದ. ಕಂದುಬಣ್ಣದ ಮುಚ್ಚಳಗಳು ಸಾಲಾಗಿ, ಎಡೆಬಿಡದೆ, ಚಾಪೆ ಹಾಸಿದಂತೆ ಹಬ್ಬಿದ್ದವು. ಇನ್ನೂ ಮುಚ್ಚದ ಕಣ್ಣಿಗಳಲ್ಲಿ ಮರಿಗಳು ಮುತ್ತಿನ ಬಣ್ಣದಲ್ಲಿ, ಬಿಲ್ಲಿನಂತೆ ಬಾಗಿ, ತಮ್ಮ ಆಹಾರದ ಹಾಲಿನಲ್ಲಿ ಮಲಗಿದ್ದವು. ತಲೆಯೆತ್ತಿ ಸತ್ತದ್ದು ಒಂದೂ ಇರಲಿಲ್ಲ. ಹುತ್ತದಲ್ಲಿದ್ದಾಗಲೇ ಗಂಡುಗಳನ್ನು ಬೆಳೆಸಲು ತೊಡಗಿದ ಕುಟುಂಬವೆಂದರೆ ಬಲವುಳ್ಳದ್ದು. ಮುಂದೆ ಪಾಲಾಗುವ ಯೋಚನೆಯೂ ಅದಕ್ಕೆ ಇದ್ದೀತು ಎಂದು ಮಾವ ಹೇಳುತ್ತಿದ್ದರು. ಆದರೆ ಮಗನ ಗಮನ ಅಲ್ಲಿರಲಿಲ್ಲ. ಬಾಗಿಲ ಕಡೆಗೆ ತಿರುಗಿ ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ.

ಉಳಿದ ಮೂರು ಚೌಕಟ್ಟುಗಳನ್ನು ನೋಡಲೇ ಇಲ್ಲ. ಆತನಿಗೇನೋ ಆಸೆಯಿತ್ತು, ರಾಣಿ ಅವುಗಳಲ್ಲಿಯೇ ಇರಬೇಕೆಂದು ವಾದಿಸಿಯೂ ನೋಡಿದ. ಮಾವನದು ಕಡ್ಡಿ ಮುರಿದಂಥ ಉತ್ತರ: "ತಿಳಿಯಬೇಕಾದ್ದು ತಿಳಿಯಿತು. ಇನ್ನು ನೋಡುವುದು ನಿನ್ನ ಸಂತೋಷಕ್ಕೆ, ಅವುಗಳ ಕ್ಷೇಮಕ್ಕಲ್ಲ." ತೆಗೆದ ಚೌಕಟ್ಟುಗಳು ತೆಗೆದ ಕ್ರಮದಲ್ಲಿಯೇ, ಮುಖ ಬದಲಾಗದಂತೆ, ಹಿಂದಿರುಗಿದವು. ಮುಚ್ಚಳ ಕೂತಿತು. ಹತ್ತು ನಿಮಿಷವೂ ಆಗಿರಲಿಲ್ಲ. ಬಲಗೈಯ ಹೆಬ್ಬೆರಳಿನ ಬುಡಕ್ಕೆ ಕುಟುಕಿಸಿಕೊಂಡದ್ದು ಹೊಸಬನಿಗೆ ಅರಿವಾದುದು ಆಮೇಲೆ. ಮುಳ್ಳನ್ನು ಚಿವುಟಿ ಎಳೆಯಹೋದವನ ಕೈಯನ್ನು ತಡೆದು ಮಾವ ಉಗುರಿನಿಂದ ಪಕ್ಕಕ್ಕೆ ಗೀರಿ ತೆಗೆದರು. ಚಿವುಟಿದರೆ ಚೀಲದಲ್ಲಿ ಉಳಿದ ವಿಷವೂ ಒಳಗಿಳಿಯುತ್ತದೆಂಬುದು ಅವರ ನಂಬಿಕೆ.

ಜಗಲಿಯಲ್ಲಿ ತಾಯಿ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ಸೊಸೆ ಕಷಾಯ ತಂದಿಟ್ಟು, "ತುಪ್ಪ ಬಂತೇ?" ಎಂದು ನಕ್ಕಳು. ಜೇನುಮಾವ ಫೆಬ್ರುವರಿ, ಮಾರ್ಚಿಯ ಮಾತಾಡಿದರು. ಅಷ್ಟರಲ್ಲಿ ಕಾಡಿನ ಮರಗಳು ಹೂ ಬಿಡುತ್ತವೆ, ಆಗ ಮೇಲಿನ ಅಂತಸ್ತು ಇಡಬಹುದು. ತಾಯಿ ಅಡಕೊತ್ತಿನಿಂದ ಕಣ್ಣೆತ್ತದೆ ಕೇಳಿದರು:

"ಅಪ್ಪೀ, ಮರಿ ಹೇಗಿದೆ?"

"ಚೆನ್ನಾಗಿದೆ, ಅಮ್ಮಾ. ಎಲ್ಲ ಬೆಳ್ಳಗಿದೆ. ಮುಚ್ಚಳ ಎಲ್ಲ ಸಮವಾಗಿದೆ."

"ತಲೆ ಎತ್ತಿದ್ದು?"

"ಒಂದೂ ಇಲ್ಲ."

ಅವರು ಮತ್ತೇನನ್ನೂ ಕೇಳಲಿಲ್ಲ. ಇನ್ನೊಂದು ಅಡಿಕೆಯನ್ನು ತೆಗೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಸಲ ಯಾವಾಗ ನೋಡುತ್ತೀರೆಂದು ಜೇನುಮಾವನನ್ನು ವಿಚಾರಿಸಿದರು. ಎರಡು ವಾರ ಬಿಟ್ಟು, ಎಂದರು ಅವರು.

ಮಗ ಒಂದು ಹೊಸ ವಹಿಯಲ್ಲಿ ತಾರೀಖು ಹಾಕಿ, ಮೊಟ್ಟೆ ಕಂಡಿತು, ಮರಿ ಆರೋಗ್ಯ, ರಾಣಿ ಕಾಣಲಿಲ್ಲ, ಇರುವೆ ಇಲ್ಲ ಎಂದು ಬ್ಯಾಂಕಿನ ದುಂಡಕ್ಷರದಲ್ಲಿ ಬರೆದಿಟ್ಟ. ಸಂಜೆ ಬಿಸಿಲು ಜೋರಾಗಿಯೇ ಇತ್ತು. ಪೀಠದ ಬಟ್ಟಲುಗಳ ನೀರು ಆರಿರಬಹುದೆಂದು ಮರುದಿನ ಬೆಳಿಗ್ಗೆ ತಂಬಿಗೆ ಹಿಡಿದು ಹಿತ್ತಲಿಗೆ ಹೋದ. ನಾಲ್ಕು ಬಟ್ಟಲುಗಳೂ ಅಂಚಿನವರೆಗೆ ತುಂಬಿದ್ದವು. ಪೆಟ್ಟಿಗೆಯ ಹಿಂದಿನ ಒದ್ದೆ ಮಣ್ಣಿನಲ್ಲಿ ಮುದುಕರು ಊರುವ ಕೋಲಿನ ಗುರುತಿತ್ತು.